ನಾಲ್ಕನೇ ಕಂತಿನ ಪತ್ರಕರ್ತ

ತಾನು ನೋಡಲು ಚೆನ್ನಾಗಿದ್ದೇನೆ ಎಂಬ ಅನುಮಾನ ಮನುಷ್ಯನಿಗೆ ಒಮ್ಮೆ ಬಂತೆಂದರೆ ಅದಕ್ಕೆ ಔಷಧಿಯಿಲ್ಲ. ನನಗೆ ಅದು ಬಂದದ್ದು ನಲವತ್ತೆಂಟನೇ ವಯಸ್ಸಿನಲ್ಲಿ, ನ್ಯೂಜಿಲೆಂಡಿನ ಅಪ್ಪರ್ ಹಟ್‌ನ ಕ್ಲಿನಿಕ್ಕಿನಲ್ಲಿ ಒಬ್ಬ ಪೇಷೆಂಟಿನ ಮೊಣಕಾಲು ಮಡಿಸುತ್ತಿದ್ದಾಗ. ನಾನು ಫಿಸಿಯೋಥೆರಪಿಸ್ಟ್; ಅವನು ಟೀವಿ ಧಾರಾವಾಹಿಗೆ ಜನ ಹುಡುಕುವವನು. ನೋವಿಗೆ ಕಿರುಚುತ್ತಲೇ ನನ್ನನ್ನು ನೋಡಿ, "ನಿನ್ನದು ಪತ್ರಕರ್ತನ ಮುಖ" ಎಂದ. ಕಾಲು ಬಿಡಿಸಿಕೊಳ್ಳಲು ಹಾಗೆಂದಿರಬಹುದು ಎಂದು ಆಗ ಹೊಳೆಯಲಿಲ್ಲ.

ಅವನು ನನ್ನನ್ನು ಸೇರಿಸಿದ ಧಾರಾವಾಹಿ ಮೋಲಿ ಎಂಬ ಪತ್ರಕರ್ತೆ ಊರಿನ ಮೇಯರನ ಗುಟ್ಟು ಬಯಲಿಗೆಳೆಯುವ ಕತೆ. ನಾನು ಅವಳ ಸಹೋದ್ಯೋಗಿ. ನಾಲ್ಕನೇ ಕಂತಿನಲ್ಲಿ ನನಗೊಂದು ಮಾತು: "ಮೋಲಿ, ಫೋನ್ ಫಾರ್ ಯು." ಇಷ್ಟೇನಾ ಎನ್ನಬೇಡಿ. ಆ ಫೋನ್ ಬಾರದಿದ್ದರೆ ಮೇಯರ್ ಸಿಕ್ಕಿಬೀಳುತ್ತಲೇ ಇರಲಿಲ್ಲ. ಸಿಟ್ಟಿನಿಂದ, ದುಃಖದಿಂದ, ಹಲ್ಲುಜ್ಜುತ್ತ, ಎಲ್ಲ ರೀತಿಯಲ್ಲೂ ಹೇಳಿ ನೋಡಿದೆ. ಮಗಳು "ಅಪ್ಪಾ, ನೋಬಡಿ ಟಾಕ್ಸ್ ಲೈಕ್ ದಟ್" ಎಂದು ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಒಂದು ದಿನ ಊಟದ ಹೊತ್ತಿಗೆ ಹೆಂಡತಿ ಸುನಂದಾಳ ಫೋನ್ ಬಡಿದುಕೊಂಡಿತು. ನಾನೇ ಎತ್ತಿ, ಕಣ್ಣು ಕಿರಿದು ಮಾಡಿ, ಅವಳತ್ತ ಚಾಚಿ, "ಮೋಲಿ, ಫೋನ್ ಫಾರ್ ಯು" ಎಂದೆ. ಆ ಕಡೆ ಧಾರವಾಡದಿಂದ ನಮ್ಮ ಅತ್ತೆ. "ಯಾರ್ರೀ ಆಕಿ, ಮೋಲಿ?" ಎಂದು ಕೇಳಿದರು. ಅವರಿಗೆ ಸಮಾಧಾನ ಹೇಳಿ ಮುಗಿಸುವಷ್ಟರಲ್ಲಿ ಚಪಾತಿಗಳು ಆರಿ ಹಪ್ಪಳವಾಗಿದ್ದವು.

ಶೂಟಿಂಗ್ ಸಲೀಸಾಗಿ ಮುಗಿಯಿತು. ನಾಲ್ಕನೇ ಕಂತಿನ ಸಂಜೆ ಪರಿಚಯದ ಕನ್ನಡದವರನ್ನೆಲ್ಲ ಮನೆಗೆ ಕರೆದೆ. ಸುನಂದಾ ಗೊಣಗುತ್ತಲೇ ಗಿರಮಿಟ್ಟು, ಮಿರ್ಚಿ ಭಜಿ ಮಾಡಿದಳು. ಎಲ್ಲರೂ ತಟ್ಟೆ ಹಿಡಿದು ಕೂತರು. ಟೀವಿ ಹಾಕಿದರೆ, ಕುರಿ ಕಾಯುವ ನಾಯಿಗಳ ಸ್ಪರ್ಧೆ! ನೋಡುವವರಿಲ್ಲವೆಂದು ಚಾನೆಲ್ಲಿನವರು ಮೂರೇ ಕಂತಿಗೆ ಧಾರಾವಾಹಿಯನ್ನು ನಿಲ್ಲಿಸಿಬಿಟ್ಟಿದ್ದರು. ಇದು ನನಗೆ ಫೋನಿನಲ್ಲಿ ಹುಡುಕಿ ಗೊತ್ತಾಗುವವರೆಗೂ ಪಾಟೀಲ್ ಅಂಕಲ್ ನಾಯಿಗಳನ್ನೇ ಭಕ್ತಿಯಿಂದ ನೋಡುತ್ತ, "ಇದರಾಗ ನೀವು ಯಾವಾಗ ಬರ್ತೀರಿ?" ಎಂದು ಕೇಳುತ್ತಿದ್ದರು. ವಿಷಯ ತಿಳಿದ ಮೇಲೆ ಒಬ್ಬೊಬ್ಬರೂ ಬಂದು ನನ್ನ ಭುಜ ತಟ್ಟಿ, ಸಾವಿನ ಮನೆಯಿಂದ ಹೊರಟವರಂತೆ ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಮಿರ್ಚಿ ಮಾತ್ರ ಒಂದೂ ಉಳಿದಿರಲಿಲ್ಲ.

ಕೆಲವು ವಾರಗಳ ನಂತರ ಉಳಿದ ಕಂತುಗಳನ್ನು ಚಾನೆಲ್ಲಿನವರು ವೆಬ್‌ಸೈಟಿಗೆ ಹಾಕಿದರು. ಸುನಂದಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಮೋಲಿ ಬಂದಳು, ಕೂತಳು, ಫೋನ್ ರಿಂಗಾಯಿತು. ಪರದೆಯ ಅಂಚಿನಿಂದ ಒಂದು ಕೈ ಬಂದು ಫೋನ್ ಚಾಚಿ ಮರೆಯಾಯಿತು. ಕೈ ನನ್ನದೇ, ದನಿ ಮಾತ್ರ ಇನ್ಯಾರದೋ. ಸುನಂದಾ "ಕೈ ಭಾಳ ಚಲೋ ಆ್ಯಕ್ಟಿಂಗ್ ಮಾಡೇತಿ ಬಿಡ್ರಿ" ಎಂದಳು.

ಮೊನ್ನೆ ತರಕಾರಿ ಅಂಗಡಿಯಲ್ಲಿ ಪಾಟೀಲ್ ಅಂಕಲ್ ಸಿಕ್ಕರು. "ನಿಮ್ಮ ಪಾರ್ಟ್ ಮಂದಿ ನೋಡ್ಲೇ ಇಲ್ಲಲ್ರೀ, ಭಾಳ ಅನ್ಯಾಯ ಆತು" ಎಂದು ಮರುಗಿದರು. ನಾನೂ ನಿಟ್ಟುಸಿರು ಬಿಟ್ಟು, "ಏನ್ ಮಾಡೋದ್ರಿ ಅಂಕಲ್, ಕಲಾವಿದರ ಹಣೆಬರಹ" ಎಂದೆ. ವೆಬ್‌ಸೈಟಿನ ಮಾತೆತ್ತಲಿಲ್ಲ. ಪಕ್ಕದಲ್ಲಿದ್ದ ಸುನಂದಾ ಬಾಯಿ ತೆರೆಯುವುದು ಕಾಣಿಸಿತು. ಕೂಡಲೇ ನನ್ನ ಆ ಪ್ರತಿಭಾವಂತ ಕೈಯಿಂದ ಅವಳ ರಟ್ಟೆ ಹಿಡಿದು ಕಾರಿನತ್ತ ಎಳೆದುಕೊಂಡು ಹೋದೆ.