ಕರಡಿ ಹೊರಬಿದ್ದ ದಿನ

ಲಮಾರಾ ಒಲೆಯ ಬೂದಿಯನ್ನು ತಗಡಿನ ಬಕೆಟ್ಟಿಗೆ ತುಂಬುತ್ತಿದ್ದಳು, ಸದ್ದಾಗದಂತೆ. ಎರ್ಸಿಲಿಯಾ ಅಜ್ಜಿ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಎಚ್ಚರವಾದರೆ ಪಾಠ ಶುರು.

ಅಜ್ಜಿಯನ್ನು ನೋಡಿಕೊಳ್ಳಲು ಜಾರ್ಜಿಯಾ ದೇಶದಿಂದ ಇಟಲಿಯ ಈ ಬೆಟ್ಟದ ಹಳ್ಳಿಗೆ ಬಂದಾಗ ಲಮಾರಾಗೆ ಇಟಾಲಿಯನ್ನಿನಲ್ಲಿ ಹೂಂ, ಊಹೂಂ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅಜ್ಜಿ ಪುಸ್ತಕ ಹಿಡಿಸಲಿಲ್ಲ, ಹಬ್ಬ ಹಿಡಿಸಿದಳು. ಸಂತ ಮಾರ್ತಿನನ ಹಬ್ಬಕ್ಕೆ ಚೆಸ್ಟ್‌ನಟ್ ಸುಡುತ್ತಾ 'ನಿನ್ನೆ ಸುಟ್ಟೆ, ನಾಳೆ ಸುಡುತ್ತೇನೆ' ಬಂತು. ಕ್ರಿಸ್‌ಮಸ್ಸಿಗೆ ಗೋದಲಿಯ ಬೊಂಬೆ ಜೋಡಿಸುತ್ತಾ ಒಳಗೆ, ಹೊರಗೆ, ಮೇಲೆ, ಕೆಳಗೆ ಬಂದವು. ಜನವರಿಯಲ್ಲಿ ಮಕ್ಕಳಿಗೆ ಉಡುಗೊರೆ ತರುವ ಬೆಫಾನಾ ಮುದುಕಿ ಪೊರಕೆಯ ಮೇಲೆ ಹಾರಿ ಬಂದು, ಇದ್ದಿಲು, ಕಾಲುಚೀಲ, ತುಂಟ ಮಗು ಎಂಬ ಪದಗಳನ್ನೆಲ್ಲ ಬಿಟ್ಟು ಹೋದಳು. ಕಲಿತದ್ದನ್ನು ತಿದ್ದಲು ಇಡೀ ಓಣಿ ಇತ್ತು. ಈ ಜನ ಇಲ್ಲದಿದ್ದರೆ ನಾನು ಮೂಗಿಯೇ ಸರಿ ಎಂದು ಅವಳು ದಿನಾ ಮಲಗುವಾಗ ನೆನೆಯುತ್ತಿದ್ದಳು.

ಆ ಇಟಾಲಿಯನ್ನಿಗೆ ಇವತ್ತು ಸಂಜೆ ಪರೀಕ್ಷೆ. ಕ್ರಿಸ್‌ಮಸ್ ಕಳೆದ ಮೇಲೆ ಅಜ್ಜಿ ಬಚ್ಚಲಲ್ಲಿ ಜಾರಿದ್ದಳು. ಸುದ್ದಿ ಕೇಳಿ ದೂರದ ದಕ್ಷಿಣದ ತಾರಂತೊ ಊರಿನ ಸೊಸೆ ನುನ್ಸಿಯಾ ಫೋನಿನಲ್ಲಿ ಗುಡುಗಿದ್ದಳು: "ಅತ್ತೆ ಬಿದ್ದಾಗ ನಾಲ್ಕು ಜನರನ್ನ ಕೂಗಿ ಕರೆಯೋಷ್ಟು ಮಾತು ಆ ಹುಡುಗಿಗೆ ಬರುತ್ತಾ? ಬಂದು ನೋಡ್ತೀನಿ. ಬರದಿದ್ರೆ ಅತ್ತೇನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ." ಹಾಗಾದರೆ ಲಮಾರಾಗೆ ಕೆಲಸವೂ ಇಲ್ಲ, ಅಜ್ಜಿಯೂ ಇಲ್ಲ.

"ಲಮಾರಾ, ಬೇಗ ಬಾ ತಾಯಿ! ನಿಮ್ಮ ಚಿಮಣಿ ವಾಲ್ತಾ ಇದೆ!"

ಎದುರುಮನೆಯ ಬತ್ತಿಸ್ತನ ದನಿ. ಲಮಾರಾ ಬಕೆಟ್ಟಿನ ಸಮೇತ ಓಡಿದಳು. ಚಿಮಣಿ ಪಾದ್ರಿಯ ಹಾಗೆ ನೆಟ್ಟಗೆ ನಿಂತಿತ್ತು. ಬತ್ತಿಸ್ತ ಜೇಬಿನಲ್ಲಿ ಕೈಯಿಟ್ಟುಕೊಂಡು, "ಕರಡಿ ಹೊರಬಿತ್ತು," ಎಂದ. ಓಣಿಯ ಕಿಟಕಿಗಳೆಲ್ಲ ನಕ್ಕವು.

"ಎಲ್ಲಿ?" ಎಂದು ಲಮಾರಾ ಬಕೆಟ್ಟನ್ನು ಎದೆಗವಚಿಕೊಂಡಳು. ನಗು ಇನ್ನೂ ಜೋರಾಯಿತು.

ಒಳಗೆ ಬಂದು ಕೂರುವಷ್ಟರಲ್ಲಿ ಪಕ್ಕದ ಮನೆಯ ಫಿಯೊರೆನ್ಸಾ ಕೂಗಿದಳು: "ನಿನ್ನ ಲಂಗ ಹಾರಿ ಬಂದು ನಮ್ಮ ಕೋಳಿಗೂಡಿಗೆ ಪರದೆ ಆಗಿದೆ ಕಣೇ." ಲಮಾರಾ ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅಜ್ಜಿಯದು ಸಿಕ್ಕಿಸಿಕೊಂಡು ಓಡಿದಳು. ಗೂಡಿನ ಮೇಲೆ ಲಂಗವಿಲ್ಲ. ಮತ್ತೆ ಕರಡಿ. 'ಪರದೆ' ಅನ್ನುವ ಹೊಸ ಪದ ಸಿಕ್ಕಿದ್ದಕ್ಕೆ ಲಮಾರಾ ಧನ್ಯವಾದ ಹೇಳಿ ಒಳಬಂದಳು.

ಅಷ್ಟರಲ್ಲಿ ಅಜ್ಜಿ ಎದ್ದಿದ್ದಳು. "ಜನವರಿ ಕೊನೇ ದಿನ ಕಣೇ ಪೆದ್ದಿ. ಚಳಿ ಹೋಯ್ತಾ ಅಂತ ನೋಡೋಕೆ ಕರಡಿ ಗವಿಯಿಂದ ಹೊರಗೆ ಬರುತ್ತೆ. ಇವತ್ತು ಯಾರದೋ ಸುಳ್ಳು ನಂಬಿ ಹೊಸಿಲು ದಾಟಿದೋರೇ ಕರಡಿ. ಸುಮ್ನೆ ಕೂತ್ರೆ ಭಾಷೆ ಬರುತ್ತಾ? ಹೋಗು, ನೀನೂ ಇಬ್ಬರನ್ನ ಹೊರಗೆ ಎಳಿ."

ಲಮಾರಾ ಮಧ್ಯಾಹ್ನದವರೆಗೂ ವಾಕ್ಯ ಕಟ್ಟಿದಳು. ಆಮೇಲೆ ಓಣಿಯ ನಡುವೆ ನಿಂತು ಕೂಗಿದಳು: "ಬತ್ತಿಸ್ತ ಮಾಮಾ, ನಿಮ್ಮ ಮೇಕೆ ಪಾದ್ರಿಗಳ ಕೋಸೆಲ್ಲ ತಿಂದು ಈಗ ಅವರ ಟೋಪಿ ತಿಂತಾ ಇದೆ." ಬತ್ತಿಸ್ತ ಒಂದು ಕೆನ್ನೆಗೆ ಸೋಪು ಹಚ್ಚಿಕೊಂಡೇ ಹಾರಿಬಂದ. "ಫಿಯೊರೆನ್ಸಾ, ನಿಮ್ಮಕ್ಕ ದೊಡ್ಡ ಪೆಟ್ಟಿಗೆ ಹಿಡ್ಕೊಂಡು ಬಸ್ಸಿಂದ ಇಳಿದ್ರು." ಫಿಯೊರೆನ್ಸಾ ಕೋಟು ಸಿಕ್ಕಿಸಿಕೊಂಡು ಹೊರಬಂದಳು. ಸ್ವಾಗತಿಸಲು ಅಲ್ಲ, ತಪ್ಪಿಸಿಕೊಂಡು ಹೋಗಲು.

"ಕರಡಿಗಳು ಹೊರಬಿದ್ದವು," ಎಂದಳು ಲಮಾರಾ, ಬಹುವಚನದಲ್ಲಿ.

ಓಣಿ ಚಪ್ಪಾಳೆ ತಟ್ಟಿತು. ಬತ್ತಿಸ್ತ ಸೋಪಿನ ಕೆನ್ನೆಯನ್ನೇ ಅವಳ ಕೆನ್ನೆಗೊತ್ತಿ, "ನನ್ನ ಹೆಂಡ್ತಿ ಹೋದ್ಮೇಲೆ ನನ್ನನ್ನ ಹೀಗೆ ಹೊರಗೆ ಎಳೆದೋಳು ನೀನೇ. ನೀನೀಗ ಈ ಊರೋಳು," ಎಂದ. ಫಿಯೊರೆನ್ಸಾ ಸೇಬಿನ ಕೇಕು ಕೊಟ್ಟು, "ಇನ್ನೊಂದ್ಸಲ ಎಳಿ ನೋಡೋಣ," ಎಂದಳು. ಲಮಾರಾ ಕೇಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಷ್ಟು ಒಳ್ಳೆಯವರ ಬೀದಿ ತನ್ನ ಹಣೆಯಲ್ಲಿ ಬರೆದಿತ್ತಲ್ಲ.

ಸಂಜೆ ನುನ್ಸಿಯಾ ಬಂದಳು, ಸುತ್ತಿಟ್ಟ ಹಾಸಿಗೆಯಂಥ ಕೋಟಿನೊಳಗಿಂದ ಮೂಗೊಂದನ್ನೇ ತೋರಿಸುತ್ತಾ. ಚಳಿಗೆ ಹೆದರಿ ಅವಳು ಬೇಸಿಗೆ ಬಿಟ್ಟರೆ ಈ ಕಡೆ ತಲೆ ಹಾಕಿದವಳಲ್ಲ.

"ಅತ್ತೆ ಬಿದ್ದಿದ್ದಾರೆ ಅಂತಿಟ್ಕೋ. ಏನು ಮಾಡ್ತೀಯ? ಬಾಯಲ್ಲಿ ಹೇಳ್ಬೇಡ, ಮಾಡಿ ತೋರಿಸು."

ಅಜ್ಜಿ ಉತ್ಸಾಹದಿಂದ ಕಂಬಳಿ ಹಾಸಿಕೊಂಡು ಬಿದ್ದಳು. ಬಿದ್ದವಳು ಹಾಗೇ ಗೊರಕೆ ಹೊಡೆದಳು.

ಲಮಾರಾ ಓಣಿಗೆ ಓಡಿದಳು. "ಬತ್ತಿಸ್ತ ಮಾಮಾ, ಫಿಯೊರೆನ್ಸಾ, ಅಜ್ಜಿ ಬಿದ್ದಿದ್ದಾರೆ. ನನ್ನೊಬ್ಬಳ ಕೈಲಿ ಎತ್ತೋಕಾಗಲ್ಲ. ಬೇಗ ಬನ್ನಿ."

ನುನ್ಸಿಯಾ ಹೊಸಿಲಲ್ಲೇ ತಲೆದೂಗಿದಳು. ಒಂದು ಅಕ್ಷರ ತಪ್ಪಿರಲಿಲ್ಲ.

ಒಂದು ಬಾಗಿಲೂ ತೆರೆಯಲಿಲ್ಲ. ಬತ್ತಿಸ್ತನ ಕಿಟಕಿಯ ಹಿಂದಿನಿಂದ ಮೆಚ್ಚುಗೆಯ ದನಿ ಬಂತು: "ಮಧ್ಯಾಹ್ನಕ್ಕಿಂತ ಚೆನ್ನಾಗಿ ಹೇಳ್ತಿದಾಳೆ ನೋಡು."

"ಸ್ವಲ್ಪ ಅಳು ಸೇರಿಸೇ ಲಮಾರಾ," ಎಂದಿತು ಫಿಯೊರೆನ್ಸಾಳ ಕಿಟಕಿ.

ನುನ್ಸಿಯಾಳ ಹುಬ್ಬು ಮೇಲೇರಿತು. ಲಮಾರಾ ವಿವರಿಸಿದಳು: "ಇವತ್ತು ಕರಡಿ ದಿನ ಅಮ್ಮಾ. ಇವತ್ತು ಇಲ್ಲಿ ಎಲ್ಲರೂ ಸುಳ್ಳು ಹೇಳ್ತಾರೆ. ಮಧ್ಯಾಹ್ನ ನಾನೂ ಹೇಳಿದೆ. ಅದಕ್ಕೇ ನಂಬ್ತಿಲ್ಲ. ತುಂಬ ಒಳ್ಳೇ ಜನ." ವ್ಯಾಕರಣ ನೆಟ್ಟಗಿದ್ದಷ್ಟೂ ಹುಬ್ಬು ಮೇಲಕ್ಕೇ ಹೋಯಿತು.

"ನೀನು ಪಾಸು ಮಗಳೇ, ನಿನ್ನ ಮೇಲೆ ಒಂದು ಮಾತಿಲ್ಲ," ಎಂದಳು ನುನ್ಸಿಯಾ, ನಿಜವಾದ ಮರುಕದಿಂದ. "ಊರು ಫೇಲು. ಅತ್ತೆ ಬಿದ್ದಿದಾರೆ ಅಂದ್ರೆ ಕಿಟಕಿಯಲ್ಲಿ ನಿಂತು ಉಚ್ಚಾರ ಹೊಗಳೋ ಊರಲ್ಲಿ ಅವರನ್ನ ಹೇಗೆ ಬಿಡ್ಲಿ? ನಾಳೆ ಬೆಳಗಿನ ಬಸ್ಸಿಗೆ ಹೊರಡ್ತೀವಿ."

ಅವಳು ಒಳಗೆ ಹೋದಳು. ಅಜ್ಜಿಯ ಬಟ್ಟೆಗಳ ಬೀರುವಿನ ಬಾಗಿಲು ಕಿರುಗುಟ್ಟಿತು.

ಲಮಾರಾ ಓಣಿ ದಾಟಿದಳು. ಕೋಪ ಬರಲಿಲ್ಲ. ತನಗೆ ಮಾತು ಕೊಟ್ಟವರೆಲ್ಲ ಈ ಬಾಗಿಲುಗಳ ಹಿಂದೆಯೇ ಇದ್ದರು, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾ. ನಾಳೆ ಹೊರಡುವ ಸುದ್ದಿ ಹೇಳಲು ಅವಳು ಬತ್ತಿಸ್ತನ ಕದ ಮೆಲ್ಲಗೆ ತಟ್ಟಿದಳು. ಒಳಗೆ ದೀಪ ಆರಿತು.

"ಬತ್ತಿಸ್ತ ಮಾಮಾ, ಒಂದು ನಿಮಿಷ ಹೊರಗೆ ಬನ್ನಿ."