ದಿಮ್ಮಿ ಅಳೆಯುವ ಟೇಪು, ಬಂಡುವಿನ ಹೊಟ್ಟೆ

ದಪ್ಪ ಸಣ್ಣದರ ವಿಷಯದಲ್ಲಿ ನನಗೆ ಟೋಪಿ ಹಾಕುವ ಗಂಡು ದಾಂಡೇಲಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಬ್ರಿಟಿಷ್ ಸಾಹೇಬರ ಕಾಲದ ಕಟ್ಟಿಗೆ ಡಿಪೋದ ಕಾರಕೂನ ನಾನು. ಸಾಗವಾನಿ ದಿಮ್ಮಿಗೆ ಟೇಪು ಸುತ್ತಿ, ಅಳತೆ ಕೂಗಿ, ದಪ್ಪಗಿದ್ದದ್ದಕ್ಕೆ ಒಂದನೇ ದರ್ಜೆಯ ಮುದ್ರೆ ಒತ್ತಿಸುವುದು ನನ್ನ ಕೆಲಸ. ಇಷ್ಟು ಬಲ್ಲವನಿಗೆ ಒಂದು ಮಗು ಬೆಳೆಸುವುದು ಯಾವ ಮಹಾವಿದ್ಯೆ!

ಪಕ್ಕದ ಮನೆಯ ಮೌಲಾಸಾಬರು ದಿಮ್ಮಿ ಸಾಗಿಸುವ ಎತ್ತಿನ ಗಾಡಿಗಳ ಯಜಮಾನರು. ಅವರ ಐದು ವರ್ಷದ ಮಗ ಹಸನ್ ಗುಂಡುಗುಂಡಗೆ ಇದ್ದ. ಅದೇ ವಯಸ್ಸಿನ ನಮ್ಮ ಬಂಡು ಕಡ್ಡಿ. ಆ ವರ್ಷದ ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ ಹಬ್ಬಕ್ಕೆ, ಹೊಸ ಸಾಹೇಬರ ಹೆಂಡತಿ ಮಡಮ್ಮ ಡಿಪೋದವರ ಮಕ್ಕಳನ್ನೆಲ್ಲ ಬಂಗಲೆಗೆ ಕರೆದರು. ಬಂಡು ಜ್ವರದಿಂದ ತಾಯಿಯೊಡನೆ ಮನೆಯಲ್ಲೇ ಉಳಿದ. ಒಳಗೆ ತಿಂಡಿ-ಫರಾಳದ ತಟ್ಟೆ ಮುಗಿಸಿ ನಾನು ಹೊರಗೆ ಬರುವಷ್ಟರಲ್ಲಿ ಮಡಮ್ಮ ಹಸನನ ಗಲ್ಲ ಹಿಂಡಿ, ಅವನ ಕೈಗೆ ತಗಡಿನ ಕುದುರೆ ಬಹುಮಾನ ಕೊಡುತ್ತಿದ್ದರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಮೌಲಾಸಾಬರು ಕೊಟ್ಟ ಪೇಢೆಯನ್ನು ನಗುನಗುತ್ತ ತಿಂದೆ. ಬರೇ ಕಹಿ!

"ಮುಂದಿನ ನಾತಾಳಕ್ಕ ಅಂಥಾ ಕುದರಿ ನಮ್ಮ ಮನ್ಯಾಗ ಇರಬೇಕು, ಬಂಡೂನ್ನ ಹಸನನಂಗ ದಪ್ಪ ಮಾಡಬೇಕು," ಎಂದು ಬಂಡುವಿನ ಜ್ವರ ಇಳಿದ ಮೇಲೆ ಹೆಂಡತಿ ಗಂಗೆಗೆ ಆಜ್ಞೆ ಹೊರಡಿಸಿದೆ.

"ಬಂಡೂಗ ಏನ್ ಆಗೇತ್ರೀ? ಛಲೋ ಓಡ್ಯಾಡಕೋತ ಇದ್ದಾನಲ್ಲ?"

"ಓಡ್ಯಾಡೇ ಕರಗಾಕತ್ತಾನ!"

ಅಂದಿನಿಂದ ಬಂಡುವಿನ ಓಟ ಬಂದ್. ಬೆಳಗ್ಗೆ ತುಪ್ಪ ಸುರಿದ ಶಿರಾ, ಮಧ್ಯಾಹ್ನ ಬೇಸನ್ ಉಂಡಿ, ಸಂಜೆ ಕೆನೆಹಾಲು. ಒಬ್ಬನೇ ತಿನ್ನಲು ಅವನಿಗೆ ಬೇಸರವಾಗಬಾರದೆಂದು ಎದುರಿಗೆ ಕೂತು ನಾನೂ ತಿಂದೆ. ತಂದೆಯಾದವನು ಇಷ್ಟಾದರೂ ತ್ಯಾಗ ಮಾಡಬೇಡವೇ! ಅಂಗಳಕ್ಕೂ ಅವನನ್ನು ಎತ್ತಿಕೊಂಡೇ ಹೋಗುತ್ತಿದ್ದೆ. ಪ್ರತಿ ರವಿವಾರ ಡಿಪೋದ ಟೇಪನ್ನು ಅವನ ಹೊಟ್ಟೆಗೆ ಸುತ್ತಿ, ಬೇಲಿಯಾಚೆ ಕೇಳುವಂತೆ ಅಳತೆ ಕೂಗುತ್ತಿದ್ದೆ.

ಒಂದು ರವಿವಾರ ಮೌಲಾಸಾಬರು ಬೇಲಿ ಮೇಲಿಂದ ಇಣುಕಿದರು. "ಯಾಕ್ರೀ ಕಾರಕೂನರ, ಕೂಸಿನ್ನ ಲಿಲಾವಿಗೆ ಇಟ್ಟೀರೇನು?"

ಹೊಟ್ಟೆಕಿಚ್ಚು ಎಂದುಕೊಂಡೆ. ಅದರ ಗುರುತು ನನಗಲ್ಲದೆ ಇನ್ನಾರಿಗೆ ಸಿಗಬೇಕು!

ಮತ್ತೆ ನಾತಾಳ ಬಂತು. ಬಂಡುವಿನ ಅಂಗಿಗೆ ಗುಂಡಿ ಹಾಕಲು ನಾನೂ ಗಂಗೆಯೂ ಎರಡೂ ಕಡೆಯಿಂದ ಎಳೆಯಬೇಕಾಯಿತು. ಬೇಕಾದರೆ ಇರಲಿ ಎಂದು ಟೇಪನ್ನು ಜೇಬಿನಲ್ಲಿಟ್ಟುಕೊಂಡೆ. ಬಂಗಲೆಯಲ್ಲಿ ಮಗನನ್ನು ಎಲ್ಲರ ಮುಂದೆ ನಿಲ್ಲಿಸಿದೆ.

ಮಡಮ್ಮ ಅಂಥದೇ ಇನ್ನೊಂದು ತಗಡಿನ ಕುದುರೆಯನ್ನು ತಂದರು. ದೂರದ ಮಾವಿನ ಮರದ ಬುಡದಲ್ಲಿ ಇಟ್ಟರು. ಮೊದಲು ಓಡಿ ಮುಟ್ಟಿದವನಿಗೆ ಕುದುರೆಯಂತೆ!

"ಹೋದ ವರ್ಷಾನೂ ಓಟಾನ ಇತ್ತೇನ್ರೀ?" ಎಂದೆ ಗಾಬರಿಯಿಂದ.

"ಮತ್ತೇನು?" ಎಂದರು ಮೌಲಾಸಾಬರು. "ನಮ್ಮ ಹಸನ್ ದಿನಾ ಗಾಡಿ ಹಿಂದ ಹೊಳಿತನಕ ಓಡ್ತಾನ. ನೀವು ಅವನ ಗಲ್ಲ ಅಷ್ಟ ನೋಡಿದ್ರೇನು?"

ಮಕ್ಕಳು ಓಡಿದರು. ಬಂಡು ಹತ್ತು ಹೆಜ್ಜೆ ಓಡಿ ಕುಸಿದು ಕೂತ. ಮುಖ ಕೆಂಪಾಗಿ, ಏದುಸಿರು ಬಿಡುತ್ತ, "ಅಪ್ಪಾ, ಎತ್ತಿಕೋ," ಎಂದು ಅಳತೊಡಗಿದ. ಕುದುರೆ ಹಾಳಾಗಲಿ, ನನ್ನ ಕೂಸು! ಅವನ ಕಡೆ ಓಡಿದೆ. ಹತ್ತು ಹೆಜ್ಜೆಗೆ ನಾನೂ ಅವನ ಪಕ್ಕದಲ್ಲಿ ಕುಸಿದೆ.

ಅಲ್ಲಿದ್ದ ಡಾಕ್ಟರರು ಬಂದು ಬಂಡುವಿನ ನಾಡಿ ಹಿಡಿದರು, ದಿನವೂ ಏನು ತಿನ್ನುತ್ತಾನೆಂದು ಕೇಳಿದರು. ಕೇಳಿ ಮುಗಿಸಿ ನನ್ನ ಜೇಬಿನ ಟೇಪನ್ನು ಎಳೆದು ನನ್ನ ಹೊಟ್ಟೆಗೆ ಸುತ್ತಿದರು.

"ಒಂದನೇ ದರ್ಜೆ!" ಎಂದು ಕೂಗಿದರು ಮೌಲಾಸಾಬರು.

"ಅಪ್ಪ ಕೂತು ತಿಂದ್ರ ಮಗಾನೂ ಕೂತು ತಿಂತಾನ," ಎಂದರು ಡಾಕ್ಟರರು. "ನಾಳಿಂದ ಉಂಡಿ ಬಿಡ್ರಿ. ಇಬ್ಬರೂ ದಿನಾ ಹೊಳಿತನಕ ನಡೀರಿ."

ಮರುದಿನದಿಂದ ಜೋಳದ ರೊಟ್ಟಿ, ಪಲ್ಯ ಮತ್ತು ಕಾಳಿ ಹೊಳೆಯ ದಾರಿ. ಮಳೆಗಾಲ ಮುಗಿಯುವಷ್ಟರಲ್ಲಿ ಬಂಡು ಹಸನನ ಸರಿಸಮ ಓಡತೊಡಗಿದ. ಒಂದು ದಿನ ಅವನನ್ನೂ ಹಿಂದೆ ಹಾಕಿ, ದೂರದಿಂದ ತಿರುಗಿ ನೋಡಿ, "ಅಪ್ಪಾ, ಲಗೂ ಬಾ!" ಎಂದು ಕೂಗಿದ.

ಅಪ್ಪ ಅರ್ಧ ದಾರಿಯ ಕಲ್ಲಿನ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ಮೌಲಾಸಾಬರ ಮಗನ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಅಂದು ಪೂರ್ತಿ ಆರಿತು. ಆ ಕ್ಷಣದಿಂದ ಅದು ನನ್ನ ಮಗನ ಮೇಲೆ ಶುರುವಾಯಿತು!