ಭಾವನವರನ್ನೇ ಯಜಮಾನರೆಂದು ಗುರುತಿಸಿದ ತಂತ್ರಾಂಶಕ್ಕೆ

ಮಾನ್ಯ ‘ಚಿತ್ರಸಖ’ ತಂತ್ರಾಂಶದವರೇ,

ಶಿವಮೊಗ್ಗ ನಗರದ ದುರ್ಗಿಗುಡಿಯಿಂದ ನಿವೃತ್ತ ಕನ್ನಡ ಅಧ್ಯಾಪಕಿ ಜಯಶೀಲಾ ಸಲ್ಲಿಸುವ ಅನಂತ ನಮಸ್ಕಾರಗಳು. ತಾವು ಮನುಷ್ಯರೋ, ಯಂತ್ರವೋ, ಅಥವಾ ಯಾವುದೋ ದೇಶದ ತಣ್ಣನೆಯ ಕೋಣೆಯಲ್ಲಿ ಕುಳಿತಿರುವ ಇನ್ನಾವುದೋ ಜೀವವೋ ತಿಳಿಯದ ಕಾರಣ ನಮಸ್ಕಾರವನ್ನು ಎಲ್ಲ ದಿಕ್ಕಿಗೂ ಕಳಿಸಿದ್ದೇನೆ. ತಮ್ಮ ಪಾಲಿನದನ್ನು ದಯವಿಟ್ಟು ಆಯ್ದುಕೊಳ್ಳಬೇಕು.

ನನ್ನ ಯಜಮಾನರಾದ ವಿಶ್ವಾರಾಧ್ಯರಿಗೆ ಈ ವರ್ಷ ಅರವತ್ತು ತುಂಬುವುದಿತ್ತು. ಅವರ ಬಾಳಿನ ಚಿತ್ರಗಳನ್ನೆಲ್ಲ ಒಂದು ಆಲ್ಬಮ್ಮಿಗೆ ಜೋಡಿಸಬೇಕೆಂಬ ಆಸೆ ನನಗೆ. ಆದರೆ ಚಿತ್ರಗಳೋ ಹಳೆಯ ಫೋನುಗಳಲ್ಲಿ, ಗೀರುಬಿದ್ದ ಸಿ.ಡಿ.ಗಳಲ್ಲಿ, ಬೀರುವಿನ ಸೀರೆಗಳ ಕೆಳಗೆ ಚೆಲ್ಲಾಪಿಲ್ಲಿಯಾಗಿದ್ದವು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಮಗಳು ಶೀತಲ್, “ಅಮ್ಮಾ, ಎಲ್ಲಾ ಚಿತ್ರಸಖಕ್ಕೆ ಹಾಕ್ಬಿಡು. ಯಾರ್ಯಾರು ಅಂತ ಅದೇ ವಿಂಗಡಿಸುತ್ತೆ, ನೀನು ಹೆಸರು ಹೇಳಿದ್ರೆ ಸಾಕು” ಎಂದಳು. ಹಾಗೆ ತಮ್ಮ ಸಹವಾಸ ಪ್ರಾರಂಭವಾಯಿತು.

ತಾವು ಮೊದಲು ಕೇಳಿದ್ದು ನಮ್ಮ ಅಡುಗೆಮನೆಯ ಪ್ರೆಷರ್ ಕುಕ್ಕರನ್ನು ತೋರಿಸಿ, “ಇವರು ಯಾರು?” ಎಂದು. ಕಪ್ಪು ಹಿಡಿ, ಮೇಲೊಂದು ಸೀಟಿ, ಹೊಳೆಯುವ ಹೊಟ್ಟೆ ಇವುಗಳಲ್ಲಿ ಒಬ್ಬ ಸದ್ಗೃಹಸ್ಥರನ್ನು ಕಂಡ ತಮ್ಮ ಒಳಗಣ್ಣಿಗೆ ಶರಣು. ಉತ್ತರ ಕೊಡದೆ ಮುಂದಿನ ಚಿತ್ರಕ್ಕೆ ಹೋಗಲು ದಾರಿಯೇ ಕಾಣದಿದ್ದಾಗ ಬಾಯಿಗೆ ಬಂದಂತೆ ‘ಹಾಲೇಶ್’ ಎಂದು ಬರೆದೆ. ಎರಡೇ ದಿನಕ್ಕೆ ತಾವು ಹಿನ್ನೆಲೆ ಸಂಗೀತ ಸೇರಿಸಿ, ‘ಹಾಲೇಶ್ ಮತ್ತು ಜಯಶೀಲಾ: ಜೊತೆಯಾಗಿ ಕಳೆದ ಸವಿಗಳಿಗೆಗಳು’ ಎಂಬ ವಿಡಿಯೋ ತಯಾರಿಸಿ ಯಜಮಾನರ ಫೋನಿಗೂ ಕಳಿಸಿಕೊಟ್ಟಿರಿ.

“ಯಾರೇ ಇದು ಹಾಲೇಶ?” ಎಂದು ಅವರು ಕಾಫಿ ಲೋಟ ಕೆಳಗಿಟ್ಟು ಕೇಳಿದರು.

“ಕುಕ್ಕರ್ ರೀ.”

“ಕುಕ್ಕರ್‌ಗೂ ಹೆಸರಿಟ್ಟಿದೀಯಾ?”

“ಹೆಸರು ಹೇಳೋವರೆಗೂ ಅದು ಬಿಡ್ಲಿಲ್ಲ ಕಣ್ರೀ!”

ಅವರು ವಿಡಿಯೋವನ್ನು ಮತ್ತೊಮ್ಮೆ ಪೂರ್ತಿ ನೋಡಿ, “ನನ್ನ ಜೊತೆ ಇರೋ ಫೋಟೋಗಳಲ್ಲಿ ನೀನು ಇಷ್ಟು ನಕ್ಕಿಲ್ಲ” ಎಂದು ಎದ್ದುಹೋದರು.

ಚಿತ್ರಗಳನ್ನು ತಿದ್ದುವ ವಿದ್ಯೆಯಲ್ಲೂ ತಮ್ಮದು ಎತ್ತಿದ ಕೈ. ‘ಬೇಡದ ವಸ್ತುಗಳನ್ನು ಅಳಿಸಿ’ ಎಂಬ ಗುಂಡಿಯನ್ನು ಒತ್ತಿ, ಏನು ಬೇಡವೆಂಬ ತೀರ್ಮಾನವನ್ನು ತಮ್ಮ ವಿವೇಚನೆಗೇ ಬಿಟ್ಟೆ. ಯಜಮಾನರಿಗೆ ಹಿಂದೊಮ್ಮೆ ಆಗಿದ್ದ ಸನ್ಮಾನದ ಚಿತ್ರದಿಂದ ತಾವು ಅವರನ್ನೇ ಅಳಿಸಿದಿರಿ. ಕುರ್ಚಿಯ ಮೇಲೆ ಶಾಲು, ಹಾರ ಮತ್ತು ಹಣ್ಣಿನ ಬುಟ್ಟಿ ಯಾರ ಹಂಗೂ ಇಲ್ಲದೆ ಗಾಳಿಯಲ್ಲಿ ಗಂಭೀರವಾಗಿ ಕುಳಿತಿದ್ದವು.

ಇವೆಲ್ಲ ಸಣ್ಣಪುಟ್ಟ ಲೀಲೆಗಳು. ನನ್ನ ನಿಜವಾದ ದೂರು ನಮ್ಮ ಭಾವನವರಿಗೆ, ಅಂದರೆ ಯಜಮಾನರ ಅಣ್ಣ ಶಿವಯೋಗಪ್ಪನವರಿಗೆ ಸಂಬಂಧಿಸಿದ್ದು. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಭದ್ರಾವತಿಯ ನ್ಯೂಟೌನಿನಲ್ಲಿರುವ ಅವರು ನಮ್ಮ ಮನೆಗೆ ಬರುವುದನ್ನು ಬಿಟ್ಟು ವರ್ಷಗಳೇ ಆಗಿದ್ದವು. ಶೀತಲ್ ನಿಶ್ಚಿತಾರ್ಥದ ದಿನ ಮನೆಮಂದಿಯೆಲ್ಲ ಸಾಲಾಗಿ ನಿಂತಾಗ ಫೋಟೋಗ್ರಾಫರ್, “ಯಜಮಾನ್ರೇ, ಸ್ವಲ್ಪ ಆಚೆ ಸರೀರಿ” ಎಂದು ಭಾವನವರಿಗೆ ಹೇಳಿದ. ಅವರು ಸರಿದರು. “ಇನ್ನೂ ಸ್ವಲ್ಪ” ಎಂದ. ಪಕ್ಕದಲ್ಲೇ ನಿಂತಿದ್ದ ತಮ್ಮ, ಅಣ್ಣನ ತೋಳು ಹಿಡಿದು ಒಳಗೆ ಎಳೆದುಕೊಳ್ಳಲಿಲ್ಲ. ಸರಿದ ಭಾವನವರು ಚಪ್ಪಲಿ ಮೆಟ್ಟಿ, ಬಸ್ಸು ಹತ್ತಿ, ಭದ್ರಾವತಿಯವರೆಗೂ ಸರಿದುಹೋದರು. “ನಾನೇನು ಹೋಗು ಅಂದ್ನಾ?” ಎಂದು ಇವರು, “ನಿಲ್ಲು ಅಂದ್ನಾ?” ಎಂದು ಅವರು. ಅಲ್ಲಿಗೆ ಮಾತು ನಿಂತಿತು.

ಇಂಥ ಸೂಕ್ಷ್ಮವೊಂದೂ ತಿಳಿಯದ ತಾವು, ಬೋಳುತಲೆ, ಹುರಿ ಮೀಸೆ, ಹಣೆಯ ವಿಭೂತಿಗಳನ್ನಷ್ಟೇ ಕಂಡು, ಒಲೆಯ ಮೇಲೆ ನನ್ನ ಹಾಲು ಉಕ್ಕುತ್ತಿದ್ದ ಗಳಿಗೆಯಲ್ಲಿ, “ಇವರಿಬ್ಬರೂ ಒಬ್ಬರೇ ತಾನೇ?” ಎಂದು ಕೇಳಿದಿರಿ. ಬೆರಳು ‘ಹೌದು’ ಎಂಬಲ್ಲಿ ಬಿತ್ತು. ವಿಭೂತಿ ಧರಿಸಿದವರೆಲ್ಲ ಒಬ್ಬರೇ ಎಂಬ ತಮ್ಮ ತತ್ತ್ವಜ್ಞಾನ ದೊಡ್ಡದು. ಆದರೆ ನನ್ನನ್ನು ಮಾತ್ರ ಕನ್ನಡಕ ಹಾಕಿದ, ಹಾಕದ, ಸಿಟ್ಟಾದ ಮೂವರು ಹೆಂಗಸರಾಗಿ ಒಡೆದಿಟ್ಟಿರೇಕೆ ಎಂಬುದಕ್ಕೂ ಬಿಡುವಾದಾಗ ಉತ್ತರಿಸಬೇಕು.

ಅರವತ್ತರ ಸಮಾರಂಭದ ಬ್ಯಾನರಿಗಾಗಿ ‘ವಿಶ್ವಾರಾಧ್ಯರ ಅತ್ಯುತ್ತಮ ಚಿತ್ರ’ ಬೇಕೆಂದು ಕೇಳಿದಾಗ ತಾವು ಒಂದನ್ನು ಆರಿಸಿ, ಸುಕ್ಕು ತೆಗೆದು, ಕೆನ್ನೆಗೆ ಬಣ್ಣ ತುಂಬಿ ಕೊಟ್ಟಿರಿ. ಫೋನಿನ ಅಂಗೈಯಗಲದ ಪರದೆಯಲ್ಲಿ ನಾನೂ ಮೋಸಹೋದೆ. ಬ್ಯಾನರ್ ಅಂಗಡಿಯ ಕರಿಯಪ್ಪನವರು, “ಅಮ್ಮಾ, ಸಾಹೇಬ್ರು ಮದುಮಗನ ಥರ ಕಾಣ್ತಿದಾರೆ” ಎಂದು ಹೊಗಳಿ, ತಮ್ಮದೇ ಅಂಗಡಿಯ ಕೈಕೆಲಸದ ಹೆಮ್ಮೆಗೆ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿಕೊಂಡರು.

ಸಮಾರಂಭದ ಬೆಳಿಗ್ಗೆ ಕಲ್ಯಾಣ ಮಂಟಪದ ಬಾಗಿಲಲ್ಲಿ ಕಾರಿನಿಂದ ಇಳಿದ ಯಜಮಾನರು ತಲೆಯೆತ್ತಿ ನೋಡಿ ಅಲ್ಲೇ ನಿಂತುಬಿಟ್ಟರು. ‘ಶ್ರೀ ವಿಶ್ವಾರಾಧ್ಯರ ಅರವತ್ತರ ಸಂಭ್ರಮ’ ಎಂಬ ದಪ್ಪಕ್ಷರದ ಕೆಳಗೆ, ಎಡಗೆನ್ನೆಯ ಮೇಲೆ ಊಟದ ತಟ್ಟೆಯಷ್ಟಗಲದ ಮಚ್ಚೆ ಹೊತ್ತು, ಆಳೆತ್ತರದ ಭಾವನವರು ಮುಗುಳ್ನಗುತ್ತಿದ್ದರು.

“ಜಯಾ, ಇದು ಅಣ್ಣ ಅಲ್ವೇನೇ?”

ಯಜಮಾನರು ರೇಷ್ಮೆ ಪಂಚೆಯನ್ನು ಎತ್ತಿ ಕಟ್ಟಿ, ಅಡುಗೆಯವರ ಏಣಿ ತಂದು ಹತ್ತಿ, ಹಗ್ಗ ಬಿಚ್ಚಲು ಶುರುಮಾಡಿದರು. ಅಷ್ಟರಲ್ಲಿ ಗೇಟಿನ ಬಳಿ ಆಟೋ ಬಂದು ನಿಂತಿತು. ಒಳಗಿನಿಂದ ಬಿಳಿ ಅಂಗಿ, ಜರಿ ಶಲ್ಯ ಧರಿಸಿದ ಭಾವನವರು ಇಳಿದರು. ಅವರೂ ಕರಿಯಪ್ಪನವರ ಹಳೆಯ ಗಿರಾಕಿ, ಸ್ಟೇಟಸ್ ನೋಡಿದ್ದರು.

“ನಿನ್ನ ಹುಟ್ಟುಹಬ್ಬಕ್ಕೆ ನಿನ್ನ ಫೋಟೋ ಬಿಟ್ಟು ಅಣ್ಣನ ಫೋಟೋ ಹಾಕ್ಸಿದೀಯಲ್ಲೋ ಮಾರಾಯ!” ಎಂದು ಅವರು ಕೆಳಗಿನಿಂದಲೇ ಕೂಗಿದರು. “ಅದೂ ನೀನೇ ಏಣಿ ಹತ್ತಿ ಕಟ್ತಿದೀಯಾ? ಇಳಿಯೋ, ಸೊಂಟ ಉಳುಕೀತು!”

ಯಜಮಾನರು ಒಂದು ಕೈಯಲ್ಲಿ ಅರ್ಧ ಬಿಚ್ಚಿದ ಹಗ್ಗ ಹಿಡಿದು ಅಣ್ಣನನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಆ ಹಗ್ಗವನ್ನೇ ಕಂಬಕ್ಕೆ ಇನ್ನೊಂದು ಸುತ್ತು ಸುತ್ತಿ, ಗಂಟು ಹಾಕಿ ಬಿಗಿದು ಇಳಿದುಬಂದರು.

ಅಂದು ಬಂದವರಲ್ಲಿ ಅರ್ಧ ಜನ ಹಾರಗಳನ್ನು ಭಾವನವರಿಗೇ ಹಾಕಿದರು. ಯಜಮಾನರು ಪಕ್ಕದಲ್ಲಿ ನಿಂತು ಹಾರ ತೆಗೆದಿಡುವ ಕೆಲಸ ಮಾಡಿದರು. ಊಟಕ್ಕೆ ಇಬ್ಬರೂ ಅಕ್ಕಪಕ್ಕ ಕುಳಿತರು. ಹೋಳಿಗೆಗೆ ತುಪ್ಪ ಬಡಿಸುತ್ತಿದ್ದ ನನ್ನ ಎದುರೇ ಯಜಮಾನರು ತಡೆಯಲಾರದೆ, “ಅಣ್ಣಾ, ಸುಳ್ಳು ಹೇಳೋಕೆ ಮನಸ್ಸು ಬರ್ತಿಲ್ಲ. ಆ ಫೋಟೋ ಬೇಕಂತ ಹಾಕ್ಸಿದ್ದಲ್ಲ, ತಪ್ಪಿ ಬಿದ್ದಿದ್ದು” ಎಂದುಬಿಟ್ಟರು.

ನನ್ನ ಕೈಯ ತುಪ್ಪದ ಚಮಚ ಅಲ್ಲೇ ನಿಂತಿತು.

“ಗೊತ್ತಾಯ್ತು ಕಣೋ,” ಎಂದರು ಭಾವನವರು, ಹೋಳಿಗೆ ಮುರಿಯುತ್ತ. “ನೀನು ಹಗ್ಗ ಬಿಚ್ತಿದ್ದಿದ್ದನ್ನ ಆಟೋದಿಂದಲೇ ನೋಡ್ದೆ. ಹಾಗೇ ತಿರುಗಿಸಿಕೊಂಡು ಹೋಗೋಣ ಅಂತಿದ್ದೆ, ಒಂದ್ಸಲ ಕೂಗಿ ನೋಡೋಣ ಅನ್ನಿಸ್ತು. ನೀನು ಗಂಟು ಹಾಕ್ದೆ. ಸಾಕು ಬಿಡು.” ಆಮೇಲೆ ನನ್ನ ಕಡೆ ತಿರುಗಿ, “ತುಪ್ಪ ಹಾಕಮ್ಮ, ಇವನಿಗೂ ಹಾಕು” ಎಂದರು. ಯಜಮಾನರು ತಮ್ಮ ಎಲೆಯನ್ನು ತುಪ್ಪಕ್ಕೆ ಮುಂದೆ ಸರಿಸಿದರು.

ಮಾನ್ಯರೇ, ಇದರ ಪರಿಣಾಮವಾಗಿ ಭಾವನವರು ಈಗ ಪ್ರತಿ ಭಾನುವಾರ ಬೆಳಗಿನ ತಿಂಡಿಗೇ ನಮ್ಮಲ್ಲಿ ಹಾಜರು. ಅಣ್ಣ ತಮ್ಮ ಇಬ್ಬರೂ ಸೋಫಾದ ಮೇಲೆ ಕುಳಿತು, ಚಿತ್ರಸಖರಾದ ತಮ್ಮ ಸಹಾಯದಿಂದ ಚಿತ್ರ ತಿದ್ದುತ್ತಾರೆ. ಒಬ್ಬರು ಕೂದಲು ಕೂಡಿಸಿದರೆ ಇನ್ನೊಬ್ಬರು ಹೊಟ್ಟೆ ಕರಗಿಸುತ್ತಾರೆ. ಇಬ್ಬರೂ ಕೂಗುವುದು ಮಾತ್ರ ಕಾಫಿಗಾಗಿ ನನ್ನನ್ನೇ. ಆದ್ದರಿಂದ ನನ್ನ ವಿನಂತಿಗಳೇನೆಂದರೆ: ಆ ಸೋಫಾಕ್ಕೆ ತಾವೇ ಖುದ್ದಾಗಿ ಬಂದು ಕಾಫಿ ಸರಬರಾಜು ಮಾಡಬೇಕು, ಯಜಮಾನರು ಅಳಿಸಿಹೋದ ಚಿತ್ರಕ್ಕೆ ಅವರನ್ನು ವಾಪಸು ಕರೆತರಬೇಕು, ಹಣ್ಣಿನ ಬುಟ್ಟಿ ಹಾಗೇ ಇರಲಿ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ತಾವು ದಿನೇ ದಿನೇ ಜಾಣರಾಗುತ್ತಿದ್ದೀರೆಂದು ಕೇಳಿ ಭಯವಾಗಿರುವುದರಿಂದ, ಶಿವಮೊಗ್ಗ ಮತ್ತು ಭದ್ರಾವತಿಗಳ ಮಟ್ಟಿಗಾದರೂ ಈಗಿರುವಷ್ಟೇ ದಡ್ಡರಾಗಿ ಉಳಿಯುವ ಕೃಪೆ ಮಾಡಬೇಕು.

ತಮ್ಮ ಅಜ್ಞಾನದಲ್ಲಿ ಪೂರ್ಣ ವಿಶ್ವಾಸವಿಟ್ಟಿರುವ,
ಜಯಶೀಲಾ ವಿಶ್ವಾರಾಧ್ಯ
ದುರ್ಗಿಗುಡಿ, ಶಿವಮೊಗ್ಗ

ವಿ.ಸೂ.: ಜಾಗ ತುಂಬಿದೆ, ಈ ಮಸುಕಾದ ಚಿತ್ರವನ್ನು ತೆಗೆದುಹಾಕಬಹುದೆಂದು ತಾವು ಇಂದು ಸಲಹೆ ಕೊಟ್ಟಿದ್ದೀರಿ. ಊಟವಾದ ಮೇಲೆ ಅಣ್ಣತಮ್ಮಂದಿರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನಕ್ಕ ಏಕೈಕ ಚಿತ್ರ ಅದು. ತುಪ್ಪದ ಕೈಯಲ್ಲೇ ಅದನ್ನು ಕ್ಲಿಕ್ಕಿಸಿದವಳು ನಾನು. ತಾವು ಅದನ್ನು ಮುಟ್ಟಿದ್ದೇ ಆದಲ್ಲಿ, ಮಾನ್ಯರೇ, ಈ ಪತ್ರದುದ್ದಕ್ಕೂ ಬಳಸಿದ ‘ತಾವು’ ಎಂಬ ಪದವನ್ನು ನಾನು ವಾಪಸು ಪಡೆಯುತ್ತೇನೆ.